ಬಳಸಿದ ಬಿಯರ್ ಬಾಟಲಿಗಳ ಲೇಬಲ್ ತೆಗೆಯುವಿಕೆ: ಮನೆಬಳಕೆಗೆ ಸಿದ್ಧಪಡಿಸುವ ವಿಧಾನ ಮತ್ತು ಮುನ್ನೆಚ್ಚರಿಕೆಗಳು

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿಯ ಗ್ರಾಮಗಳಲ್ಲಿ ಕಡಲೆಕಾಯಿ ಸುಗ್ಗಿಯ ನಂತರ ಗಾಣದ ಎಣ್ಣೆ, ಶಿವರಾತ್ರಿಯಿಂದ ಯುಗಾದಿಯವರೆಗೆ ಹುಣಸೆಹಣ್ಣಿನ ರಸ, ವರ್ಷವಿಡೀ ಬೇವಿನ ಮತ್ತು ಹೊಂಗೆಯ ಎಣ್ಣೆ ಮನೆಮನೆಯಲ್ಲಿ ಸಂಗ್ರಹವಾಗುತ್ತವೆ. ಇವುಗಳನ್ನು ತುಂಬಿಡಲು ಹೊಸ ಗಾಜಿನ ಬಾಟಲಿಗಳನ್ನು ಕೊಳ್ಳುವವರು ವಿರಳ. ಗುಜರಿ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುವ 650 ಮಿಲಿಲೀಟರ್ ಅಳತೆಯ ಕಂದು ಬಣ್ಣದ ಬಿಯರ್ ಬಾಟಲಿಯೇ ಹೆಚ್ಚಿನ ಮನೆಗಳ ಆಯ್ಕೆಯಾಗಿದೆ. ಆಯ್ಕೆ ತಪ್ಪಲ್ಲ. ಈ ಗಾಜು ದಪ್ಪವಾಗಿದ್ದು, ಒಳಗಿನ ಅನಿಲದ ಒತ್ತಡವನ್ನು ತಾಳುವಂತೆ ತಯಾರಾಗಿರುತ್ತದೆ. ಕಂದು ಬಣ್ಣವು ಬಿಸಿಲಿನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಬೆಳಕಿನಿಂದ ಬಿಯರ್ ಕೆಡುವುದನ್ನು ತಪ್ಪಿಸಲು ಆರಿಸಿದ ಇದೇ ಬಣ್ಣ ಕಡಲೆಕಾಯಿ ಎಣ್ಣೆ ಕಮಟುವುದನ್ನೂ ತಡವಾಗಿಸುತ್ತದೆ. ತೊಡಕು ಇರುವುದು ಬಾಟಲಿಯ ಮೈಗೆ ಅಂಟಿದ ಲೇಬಲ್‌ನಲ್ಲಿ ಹಾಗೂ ಅದನ್ನು ತೆಗೆದ ನಂತರ ಉಳಿಯುವ ಹೆಸರಿಲ್ಲದ ಬಾಟಲಿಯಲ್ಲಿ. ಈ ಲೇಖನದಲ್ಲಿ ಎರಡನ್ನೂ ವಿವರಿಸಲಾಗಿದೆ.

ಆರಂಭದಲ್ಲಿಯೇ ಒಂದು ಸ್ಪಷ್ಟನೆ ಅಗತ್ಯ. ಬಿಯರ್ ಬಾಟಲಿಯ ಲೇಬಲ್ ತೆಗೆಯುವ ವಿಧಾನಗಳ ಬಗ್ಗೆ ಪಾಶ್ಚಾತ್ಯ ದೇಶಗಳಲ್ಲಿ ದೊರೆಯುವ ಮಾಹಿತಿಯಲ್ಲಿ ಬಹುಪಾಲು ಮನೆಯಲ್ಲಿಯೇ ಬಿಯರ್ ತಯಾರಿಸುವ ಹವ್ಯಾಸಿಗಳ ಅನುಭವದಿಂದ ಬಂದುದು. ಬ್ರಿಟನ್ನಿನಲ್ಲಿ 1963ರಿಂದ, ಅಮೆರಿಕದಲ್ಲಿ 1978ರ ಕಾನೂನಿನಿಂದ ಸ್ವಂತ ಬಳಕೆಗೆ ಹೀಗೆ ತಯಾರಿಸಲು ಅವಕಾಶ ದೊರೆಯಿತು. ನಮ್ಮಲ್ಲಿ ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಪರವಾನಗಿಯಿಲ್ಲದೆ ಯಾವುದೇ ಮದ್ಯವನ್ನು ಮನೆಯಲ್ಲಿ ತಯಾರಿಸುವುದು ಅಪರಾಧ. ಆದ್ದರಿಂದ ಇಲ್ಲಿ ಹೇಳುವ ವಿಧಾನವು ಎಣ್ಣೆ, ಹಣ್ಣಿನ ಪಾನಕ ಮತ್ತು ಬಿತ್ತನೆ ಬೀಜದ ಸಂಗ್ರಹಕ್ಕೆ ಸಂಬಂಧಿಸಿದ್ದಾಗಿದೆ. ಅಂಟು ಬಿಡಿಸುವ ರಸಾಯನಶಾಸ್ತ್ರ ಮಾತ್ರ ಎಲ್ಲ ದೇಶಗಳಲ್ಲೂ ಒಂದೇ.

ಬಾಟಲಿಯ ಪೂರ್ವಚರಿತ್ರೆ

ಕ್ಷೇತ್ರ ಭೇಟಿಯ ಸಂದರ್ಭವೊಂದರಲ್ಲಿ ನಾನು ಕಂಡ ಒಂದು ಅಡುಗೆಮನೆಯ ಗೂಡಿನಲ್ಲಿ ಒಂದೇ ಆಕಾರದ, ಒಂದೇ ಬಣ್ಣದ ಮೂರು ಬಾಟಲಿಗಳಿದ್ದವು. ಒಂದರಲ್ಲಿ ಅಡುಗೆಯ ಕಡಲೆಕಾಯಿ ಎಣ್ಣೆ, ಇನ್ನೊಂದರಲ್ಲಿ ಬೇವಿನ ಎಣ್ಣೆ, ಮೂರನೆಯದರಲ್ಲಿ ಪಕ್ಕದ ಜಮೀನಿನವರಿಂದ ಕಡ ತಂದ ಕೀಟನಾಶಕ. ಯಾವುದರ ಮೇಲೂ ಬರಹವಿರಲಿಲ್ಲ. ಮನೆಯ ಗೃಹಿಣಿ ಬಾಯಿಗೆ ತುರುಕಿದ ಬಟ್ಟೆಯ ಬಣ್ಣದಿಂದ ಅವುಗಳನ್ನು ಗುರುತಿಸುತ್ತಿದ್ದರು. ಆಕೆ ಎಂದೂ ತಪ್ಪಿರಲಿಲ್ಲ. ಆದರೆ ಆಕೆ ತವರಿಗೆ ಹೋದ ದಿನ ಒಲೆಯ ಮುಂದೆ ನಿಲ್ಲುವವರಿಗೆ ಆ ಬಣ್ಣಗಳ ಅರ್ಥ ತಿಳಿದಿರುವುದಿಲ್ಲ. ದೊಡ್ಡ ಡಬ್ಬದಿಂದ ನೂರಿನ್ನೂರು ಮಿಲಿಲೀಟರ್ ಕೀಟನಾಶಕವನ್ನು ಮದ್ಯದ ಬಾಟಲಿಗೆ ಬಗ್ಗಿಸಿಕೊಂಡು ಹೋಗುವ ರೂಢಿ ನಮ್ಮ ಗ್ರಾಮಗಳಲ್ಲಿ ಇಂದಿಗೂ ನಿಂತಿಲ್ಲ. ಗುಜರಿ ಅಂಗಡಿಗೆ ಬರುವ ಬಾಟಲಿಗಳಲ್ಲಿ ಇಂತಹವೂ ಸೇರಿರಬಹುದು.

ಆದ್ದರಿಂದ ಲೇಬಲ್ ತೆಗೆಯುವ ಮೊದಲು ಬಾಟಲಿಯನ್ನು ಆರಿಸಬೇಕು. ಮೂಲ ಲೇಬಲ್ ಪೂರ್ಣವಾಗಿ ಉಳಿದಿರುವ ಬಾಟಲಿ ಒಮ್ಮೆ ಬಿಯರ್ ತುಂಬಿ, ಖಾಲಿಯಾಗಿ, ನೇರವಾಗಿ ಬಂದಿರುವ ಸಾಧ್ಯತೆ ಹೆಚ್ಚು. ಅರ್ಧ ಹರಿದ ಲೇಬಲ್, ಕಂಠದ ಸುತ್ತ ಕಟ್ಟಿದ ದಾರದ ಗುರುತು, ತಳದಲ್ಲಿ ಬಿಳಿಯ ಅಥವಾ ಹಳದಿಯ ಗಸಿ, ಬಟ್ಟೆ ಇಲ್ಲವೇ ಜೋಳದ ದಂಟಿನ ಬಿರಡೆ, ಇವು ಕಂಡರೆ ಆ ಬಾಟಲಿ ಬೇರೆ ಏನನ್ನೋ ಹೊತ್ತಿತ್ತೆಂದು ಅರ್ಥ. ಅಂತಹ ಬಾಟಲಿಯನ್ನು ಆಹಾರಕ್ಕೆ ಬಳಸಬಾರದು. ಮೂಸಿ ನೋಡಿ ತೀರ್ಮಾನಿಸುವುದೂ ಸರಿಯಲ್ಲ. ಒಳಗೆ ವಿಷದ ಆವಿ ಇದ್ದರೆ ಮೂಸುವುದೇ ಅಪಾಯ, ವಾಸನೆಯಿಲ್ಲದ ಮಾತ್ರಕ್ಕೆ ವಿಷವಿಲ್ಲವೆಂದೂ ಹೇಳಲಾಗದು. ಎಷ್ಟು ಬಾರಿ ತೊಳೆದರೆ ಸಾಕು ಎಂದು ರೈತರು ಕೇಳುವುದುಂಟು. ಕೀಟನಾಶಕ ತುಂಬಿದ್ದ ಬಾಟಲಿಯನ್ನು ಎಷ್ಟು ತೊಳೆದರೂ ಅಡುಗೆಮನೆಗೆ ತರಬಾರದು ಎಂಬುದೇ ಇದಕ್ಕೆ ಉತ್ತರ. ಕೀಟನಾಶಕ ನಿಯಮಗಳು, 1971ರ ಪ್ರಕಾರವೂ ಖಾಲಿ ಧಾರಕಗಳು ಮರುಬಳಕೆಯಾಗದಂತೆ ಅವುಗಳನ್ನು ನಾಶಪಡಿಸಬೇಕು.

ಹೋಟೆಲು, ಮದುವೆ ಛತ್ರ ಅಥವಾ ಪರಿಚಿತ ಅಂಗಡಿಯಿಂದ ಒಟ್ಟಾಗಿ, ಲೇಬಲ್ ಸಹಿತ ಕೊಳ್ಳುವುದು ಒಳ್ಳೆಯದು. ಲೇಬಲ್ ಕಿತ್ತು ತೊಳೆದು ಮಾರುವ ಬಾಟಲಿಗೆ ಒಂದೆರಡು ರೂಪಾಯಿ ಹೆಚ್ಚು ಕೊಡುವುದು ಶ್ರಮ ಉಳಿಸಿದಂತೆ ಕಂಡರೂ, ನನ್ನ ಅಭಿಪ್ರಾಯದಲ್ಲಿ ಅದು ನಷ್ಟದ ವ್ಯಾಪಾರ.

ಬಾಟಲಿಯ ಬಾಯಿಯ ಅಂಚಿನ ಮೇಲೆ ಬೆರಳಾಡಿಸಿ ಚಕ್ಕೆ ಹಾರಿದೆಯೇ ಎಂದು ನೋಡಬೇಕು. ಬಿಸಿಲಿಗೆ ಹಿಡಿದರೆ ಸೂಕ್ಷ್ಮ ಬಿರುಕುಗಳು ಹೊಳೆಯುತ್ತವೆ. ಮೈಯ ಅಗಲವಾದ ಭಾಗದಲ್ಲಿ ಬಿಳಿಯ ಉಂಗುರದಂತೆ ಗೀರುಗಳಿದ್ದರೆ ಅದು ಕಾರ್ಖಾನೆಗೂ ಅಂಗಡಿಗೂ ಅನೇಕ ಬಾರಿ ಓಡಾಡಿದ ಬಾಟಲಿ. ಎಣ್ಣೆಗೆ ಅಡ್ಡಿಯಿಲ್ಲ, ಬಿಸಿ ಪಾನಕ ತುಂಬಲು ಬೇಡ.

ಅಂಟಿನ ಸ್ವಭಾವ

ಒಂದು ಬಾಟಲಿಯ ಲೇಬಲ್ ತಣ್ಣೀರಿನಲ್ಲಿ ತಾನಾಗಿ ಕಳಚುತ್ತದೆ, ಪಕ್ಕದ ಬಾಟಲಿಯದು ಎರಡು ದಿನ ನೆನೆಸಿದರೂ ಬಿಡುವುದಿಲ್ಲ. ಕಾರಣ ಅಂಟಿನಲ್ಲಿದೆ. ಬಿಯರ್ ಬಾಟಲಿಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಅಂಟು ಕಂಡುಬರುತ್ತದೆ.

ಮೊದಲನೆಯದು ಪಿಷ್ಟದ ಅಂಟು, ಅಂದರೆ ನಮ್ಮ ಮೈದಾ ಸರಿಯ ಪರಿಷ್ಕೃತ ರೂಪ. ಇದು ನೀರಿನಲ್ಲಿ ಉಬ್ಬಿ ಸಡಿಲಗೊಳ್ಳುತ್ತದೆ. ಎರಡನೆಯದು ಕೇಸೀನ್ ಅಂಟು. ಕೇಸೀನ್ ಹಾಲಿನ ಪ್ರೋಟೀನು. ಬಾಟಲಿಯನ್ನು ಮಂಜುಗಡ್ಡೆಯ ನೀರಿನಲ್ಲಿ ಗಂಟೆಗಟ್ಟಲೆ ಇಟ್ಟರೂ ಲೇಬಲ್ ಕಳಚಬಾರದೆಂಬ ಉದ್ದೇಶದಿಂದಲೇ ಬಿಯರ್ ಕಾರ್ಖಾನೆಗಳು ಇದನ್ನು ಬಹುಕಾಲದಿಂದ ಬಳಸುತ್ತ ಬಂದಿವೆ. ತಣ್ಣೀರಿಗೆ ಜಗ್ಗದ ಈ ಅಂಟು ಬಿಸಿಯಾದ ಕ್ಷಾರ ದ್ರಾವಣದಲ್ಲಿ ಸುಲಭವಾಗಿ ಕರಗುತ್ತದೆ. ಕಾರ್ಖಾನೆಗಳಲ್ಲಿ ಹಿಂದಿರುಗಿದ ಬಾಟಲಿಗಳನ್ನು ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆಯುವುದೂ ಈ ಗುಣವನ್ನು ಅವಲಂಬಿಸಿಯೇ. ಮೂರನೆಯದು ಸ್ಟಿಕರ್ ಮಾದರಿಯ ಪ್ಲಾಸ್ಟಿಕ್ ಲೇಬಲ್‌ನ ಕೃತಕ ಅಂಟು. ಇದಕ್ಕೆ ನೀರೂ ತಾಗದು, ಸೋಡಾವೂ ತಾಗದು. ಶಾಖ ಮತ್ತು ಎಣ್ಣೆಗೆ ಮಾತ್ರ ಇದು ಮಣಿಯುತ್ತದೆ.

ಇನ್ನೂ ಒಂದು ಬಗೆಯ ಬಾಟಲಿಗಳಿವೆ. ಅವುಗಳ ಬರಹವನ್ನು ಗಾಜಿನ ಮೇಲೆಯೇ ಬಣ್ಣದಿಂದ ಮುದ್ರಿಸಿ ಸುಟ್ಟಿರುತ್ತಾರೆ, ಇಲ್ಲವೇ ಕಂಪನಿಯ ಹೆಸರು ಗಾಜಿನಲ್ಲಿಯೇ ಉಬ್ಬಾಗಿ ಮೂಡಿರುತ್ತದೆ. ಇವು ಹೋಗುವುದಿಲ್ಲ, ಕೆರೆಯಲು ಯತ್ನಿಸಬಾರದು. ಮನೆಬಳಕೆಗೆ ತೊಂದರೆಯಿಲ್ಲ, ಆದರೆ ಬೇರೊಂದು ಸಂಸ್ಥೆಯ ಹೆಸರಿರುವ ಬಾಟಲಿಯಲ್ಲಿ ಸ್ವಂತ ಉತ್ಪನ್ನವನ್ನು ತುಂಬಿ ಮಾರುವುದು ವ್ಯಾಜ್ಯಕ್ಕೆ ದಾರಿ. ಸ್ವಸಹಾಯ ಸಂಘಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ತಣ್ಣೀರಿನ ಪರೀಕ್ಷೆ

ಎಲ್ಲ ಬಾಟಲಿಗಳನ್ನೂ ನೇರವಾಗಿ ಸೋಡಾ ದ್ರಾವಣಕ್ಕೆ ಹಾಕುವ ಅಗತ್ಯವಿಲ್ಲ. ರಾತ್ರಿ ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಹೆಬ್ಬೆರಳಿನಿಂದ ಲೇಬಲ್ ತಳ್ಳಿ ನೋಡಿರಿ. ಜಾರಿದವುಗಳನ್ನು ಬೇರ್ಪಡಿಸಿ, ಉಳಿದವುಗಳನ್ನು ಮಾತ್ರ ಮುಂದಿನ ಹಂತಕ್ಕೆ ಒಯ್ಯಿರಿ. ಒಂದೇ ಕಂಪನಿಯ ಬಾಟಲಿಗಳು ಸಾಮಾನ್ಯವಾಗಿ ಒಂದೇ ರೀತಿ ವರ್ತಿಸುವುದರಿಂದ ಮೊದಲ ಸಲ ಕಂಡದ್ದನ್ನು ಬರೆದಿಟ್ಟುಕೊಂಡರೆ ಮುಂದಿನ ವರ್ಷ ಸೋಡಾ ಉಳಿಯುತ್ತದೆ.

ಸೋಡಾ ದ್ರಾವಣದ ವಿಧಾನ

ದಿನಸಿ ಅಂಗಡಿಯಲ್ಲಿ ದೊರೆಯುವ ಬಟ್ಟೆ ಒಗೆಯುವ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಮನೆಗೆ ಸಾಕಾಗುವಷ್ಟು ಪ್ರಬಲವಾದ ಕ್ಷಾರ. ಅಡುಗೆ ಸೋಡಾ ಇದಕ್ಕಿಂತ ಬಹಳ ದುರ್ಬಲ, ಅದರಿಂದ ಕೆಲಸವಾಗದು. ಕಾಸ್ಟಿಕ್ ಸೋಡಾ ವೇಗವಾಗಿ ಕೆಲಸ ಮಾಡುತ್ತದೆಂಬುದು ನಿಜ, ಆದರೆ ಒಂದು ಹನಿ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಮಕ್ಕಳು ಓಡಾಡುವ ಹಿತ್ತಲಿನಲ್ಲಿ ಅದನ್ನು ಬಳಸಲು ನಾನು ಶಿಫಾರಸು ಮಾಡುವುದಿಲ್ಲ.

ಪ್ರತಿ ಲೀಟರ್ ನೀರಿಗೆ 25 ಗ್ರಾಂ ಸೋಡಾ ಸಾಕು. ಇಪ್ಪತ್ತು ಬಾಟಲಿಗಳಿಗೆ ಸುಮಾರು 25 ಲೀಟರ್ ದ್ರಾವಣ ಬೇಕಾಗುತ್ತದೆ, ಅಂದರೆ 625 ಗ್ರಾಂ ಸೋಡಾ. ಪ್ಲಾಸ್ಟಿಕ್, ಸ್ಟೀಲ್ ಅಥವಾ ಕಬ್ಬಿಣದ ಪಾತ್ರೆಯನ್ನು ಬಳಸಬೇಕು. ಅಲ್ಯೂಮಿನಿಯಂ ಪಾತ್ರೆ ಸರ್ವಥಾ ಬೇಡ: ಕ್ಷಾರವು ಆ ಲೋಹವನ್ನು ತಿನ್ನುತ್ತದೆ, ಜೊತೆಗೆ ಹೈಡ್ರೋಜನ್ ಅನಿಲ ಹೊರಬರುತ್ತದೆ. ಬಾಟಲಿಯ ಕಂಠಕ್ಕೆ ಸುತ್ತಿದ ಬೆಳ್ಳಿ ಬಣ್ಣದ ಹಾಳೆಯೂ ಹಲವೊಮ್ಮೆ ಅಲ್ಯೂಮಿನಿಯಮ್ಮೇ. ಅದನ್ನು ಕೈಯಿಂದ ಕಿತ್ತು ಹಾಕಿ, ನೆನೆಸುವ ಕೆಲಸವನ್ನು ಬಯಲಿನಲ್ಲಿ ಮಾಡಬೇಕು. ಹತ್ತಿರ ಒಲೆ, ಬೀಡಿ ಇರಬಾರದು.

ನೀರು ಕೈ ತಾಳುವುದಕ್ಕಿಂತ ತುಸು ಹೆಚ್ಚು, ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದರೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೇಸೀನ್ ಅಂಟು ಬಿಟ್ಟುಕೊಡುತ್ತದೆ. ತಣ್ಣನೆಯ ದ್ರಾವಣದಲ್ಲಿ ಒಂದು ರಾತ್ರಿ ಬೇಕು. ಸೌದೆ ಉಳಿಸಬಯಸುವವರು ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಕಪ್ಪು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ತುಂಬಿ ಬಿಸಿಲಿಗಿಟ್ಟು ಮಧ್ಯಾಹ್ನದ ವೇಳೆಗೆ ಬಳಸಬಹುದು. ಬಾಟಲಿಯ ಒಳಗೂ ದ್ರಾವಣ ತುಂಬಬೇಕು. ಇಲ್ಲವಾದರೆ ಅದು ತೇಲುತ್ತದೆ, ಒಳಗಿನ ಒಣಗಿದ ಬಿಯರ್ ಗಸಿಯೂ ಹಾಗೆಯೇ ಉಳಿಯುತ್ತದೆ.

ಗಾಜು ಶಾಖವನ್ನು ತಾಳುತ್ತದೆ, ಶಾಖದ ಹಠಾತ್ ಬದಲಾವಣೆಯನ್ನು ತಾಳುವುದಿಲ್ಲ. ಬಾಟಲಿಗೂ ನೀರಿಗೂ ಸುಮಾರು 40 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಳ ಕಳಚಿ ಬೀಳಬಹುದು. ತೊಟ್ಟಿಯ ತಣ್ಣೀರಿನಿಂದ ತೆಗೆದ ಬಾಟಲಿಗೆ ಕುದಿಯುವ ನೀರು ಸುರಿಯುವುದು, ಬಿಸಿ ದ್ರಾವಣದಿಂದ ತೆಗೆದುದನ್ನು ಕೊಳಾಯಿಯ ಕೆಳಗೆ ಹಿಡಿಯುವುದು ಎರಡೂ ತಪ್ಪು. ಉಗುರುಬೆಚ್ಚಗಿನ ನೀರಿನ ಒಂದು ಬಕೀಟು ಮಧ್ಯದಲ್ಲಿರಲಿ.

ಸಡಿಲಗೊಂಡ ಲೇಬಲ್ಲನ್ನು ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ಚಾಕು, ಬ್ಲೇಡು, ಉಕ್ಕಿನ ನಾರು ಬೇಡ. ಇವು ಮೂಡಿಸುವ ಗೀರು ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಮುಂದೊಂದು ದಿನ ಬಾಟಲಿ ಅಲ್ಲಿಂದಲೇ ಒಡೆಯುತ್ತದೆ. ಕೈಗೆ ರಬ್ಬರ್ ಗವಸು ಧರಿಸಬೇಕು. ದ್ರಾವಣ ಜಾರುಜಾರಾಗಿರುವುದರಿಂದ ಬಾಟಲಿಯನ್ನು ಕಂಠ ಹಿಡಿದು ಎತ್ತಬೇಕು. ಕಣ್ಣಿಗೆ ಹನಿ ಬಿದ್ದರೆ ಕನಿಷ್ಠ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆಯುತ್ತಲೇ ಇದ್ದು, ಬಳಿಕ ವೈದ್ಯರಿಗೆ ತೋರಿಸಬೇಕು.

ಒಮ್ಮೆ ಮಾಡಿದ ದ್ರಾವಣವನ್ನು ಮೂರು ಸರದಿಗೆ ಬಳಸಬಹುದು. ಲೇಬಲ್ ಬಿಡುವುದು ನಿಧಾನವಾದಾಗ ಅದರ ಶಕ್ತಿ ಮುಗಿದಿದೆ ಎಂದು ತಿಳಿಯಬಹುದು.

ಬೂದಿ ನೀರು

ಸೋಡಾ ಕೊಳ್ಳಲೇಬೇಕೆಂದಿಲ್ಲ. ನಮ್ಮ ಹಿರಿಯರು ಪಾತ್ರೆ ಬೆಳಗಲು, ಬಟ್ಟೆ ಒಗೆಯಲು ಬಳಸುತ್ತಿದ್ದ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ. ಸೋಡಾದ ಹತ್ತಿರದ ಬಂಧು ಅದು. ಕಡಲೆಕಾಯಿ ಸಿಪ್ಪೆ ಅಥವಾ ಸೌದೆಯ ಬಿಳಿ ಬೂದಿ ಒಂದು ಪಾಲು, ನೀರು ಮೂರು ಪಾಲು ಬೆರೆಸಿ ಒಂದು ರಾತ್ರಿ ಬಿಟ್ಟು, ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಬೆರಳುಗಳ ನಡುವೆ ಸಾಬೂನಿನಂತೆ ಜಾರಿದರೆ ತಿಳಿ ಹದಕ್ಕೆ ಬಂದಿದೆ. ಬೂದಿಯಿಂದ ಬೂದಿಗೆ ಶಕ್ತಿ ವ್ಯತ್ಯಾಸವಾಗುವುದರಿಂದ ಸೋಡಾದಂತೆ ಅಳತೆ ಹೇಳಲು ಬಾರದು. ಬಿಸಿ ಮಾಡಿ, ಒಂದು ರಾತ್ರಿ ನೆನೆಸುವುದು ಕ್ಷೇಮ. ಪ್ಲಾಸ್ಟಿಕ್, ಕಸ, ಬಣ್ಣ ಬಳಿದ ಮರ ಉರಿಸಿದ ಬೂದಿ ಇದಕ್ಕೆ ಸಲ್ಲದು.

ಬಿಡದ ಸ್ಟಿಕರ್‌ಗಳು

ಸೋಡಾಗೆ ಜಗ್ಗದ ಸ್ಟಿಕರ್‌ಗೆ ಒಳಗಿನಿಂದ ಶಾಖ ಕೊಡಬೇಕು. ಬಾಟಲಿಯನ್ನು ಮೊದಲು ಬೆಚ್ಚಗೆ ಮಾಡಿ, ಬಳಿಕ ಬಿಸಿ ನೀರು ತುಂಬಿ ಐದು ನಿಮಿಷ ಬಿಟ್ಟರೆ ಅಂಟು ಮೆತ್ತಗಾಗುತ್ತದೆ. ಮೂಲೆಯೊಂದನ್ನು ಉಗುರಿನಿಂದ ಎಬ್ಬಿಸಿ ನಿಧಾನವಾಗಿ ಎಳೆಯಬೇಕು. ಅವಸರಿಸಿದರೆ ಹಾಳೆ ಹರಿದು ಅಂಟು ಗಾಜಿನ ಮೇಲೆಯೇ ಉಳಿಯುತ್ತದೆ. ಹಾಗೆ ಉಳಿದ ಅಂಟಿಗೆ ಒಂದು ಚಮಚ ಅಡುಗೆ ಎಣ್ಣೆಯನ್ನು ಅಷ್ಟೇ ಅಡುಗೆ ಸೋಡಾದೊಂದಿಗೆ ಕಲಸಿ ಬಳಿದು, ಒಂದೆರಡು ಗಂಟೆಯ ನಂತರ ಒರೆಸಿ, ಪಾತ್ರೆ ತೊಳೆಯುವ ಸಾಬೂನಿನಿಂದ ತೊಳೆಯಬೇಕು. ಕಮಟಿದ ಹಳೆಯ ಎಣ್ಣೆಯಾದರೂ ಆದೀತು, ಬಳಿಯುವುದು ಹೊರಮೈಗೆ ತಾನೆ.

ಸೀಮೆಎಣ್ಣೆ, ಪೆಟ್ರೋಲ್, ಬಣ್ಣದ ಥಿನ್ನರ್ ಬಳಸಬಾರದು. ಇದನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಟು ಬಿಡಿಸಲು ಸೀಮೆಎಣ್ಣೆಯ ಬಟ್ಟೆಯಿಂದ ಹತ್ತಾರು ಬಾಟಲಿಗಳನ್ನು ಒರೆಸಿ, ಚೆನ್ನಾಗಿ ತೊಳೆದು, ಊರಿನಿಂದ ತಂದ ಗಾಣದ ಎಣ್ಣೆ ತುಂಬಿಟ್ಟಿದ್ದೆ. ಬಟ್ಟೆ ತಾಗಿದ್ದು ಬಾಯಿಯ ಅಂಚಿಗೆ ಮಾತ್ರ. ತಿಂಗಳ ನಂತರ ಒಗ್ಗರಣೆಯಲ್ಲಿ ಸೀಮೆಎಣ್ಣೆಯ ವಾಸನೆ. ಎಣ್ಣೆಯಂತಹ ಪದಾರ್ಥಗಳು ಇಂತಹ ದ್ರಾವಕಗಳನ್ನು ಹೀರಿಕೊಳ್ಳುತ್ತವೆಂಬುದು ಪುಸ್ತಕದಲ್ಲಿ ನನಗೆ ತಿಳಿದೇ ಇತ್ತು. ಆರೇಳು ಕಿಲೋ ಎಣ್ಣೆ ದೀಪಕ್ಕೆ ಹೋಯಿತು.

ಗಡಸು ನೀರಿನ ಬಿಳಿ ಪೊರೆ

ಮಧುಗಿರಿ, ಪಾವಗಡ ಭಾಗದ ಕೊಳವೆಬಾವಿಯ ನೀರು ಅನೇಕ ಕಡೆ ಗಡಸಾಗಿದೆ. ಇಂತಹ ನೀರಿಗೆ ಸೋಡಾ ಬೆರೆಸಿದಾಗ ಸುಣ್ಣದ ಅಂಶ ಬೇರ್ಪಟ್ಟು, ಒಣಗಿದ ಬಾಟಲಿಯ ಮೇಲೆ ಬೂದಿ ಬಳಿದಂತೆ ಬಿಳಿ ಪೊರೆ ಕಾಣುತ್ತದೆ. ತೊಳೆದದ್ದು ಸಾಲದೆಂದು ಭಾವಿಸಿ ಮತ್ತೆ ಸೋಡಾ ಹಾಕಿದರೆ ಪೊರೆ ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ. ಒಂದು ಬಕೀಟು ನೀರಿಗೆ ನಾಲ್ಕೈದು ನಿಂಬೆಹಣ್ಣಿನ ರಸ ಅಥವಾ ಒಂದು ಲೋಟ ವಿನಿಗರ್ ಬೆರೆಸಿ, ಬಾಟಲಿಯನ್ನು ಹತ್ತು ನಿಮಿಷ ಅದ್ದಿಟ್ಟು ತೆಗೆದರೆ ಪೊರೆ ಕರಗುತ್ತದೆ. ಒಳಗೆ ಉಳಿದಿರಬಹುದಾದ ಸೋಡಾ ಕೂಡ ನಿಷ್ಕ್ರಿಯವಾಗುತ್ತದೆ. ಕೊನೆಯ ತೊಳೆತಕ್ಕೆ ಮಳೆನೀರು ಸಂಗ್ರಹವಿದ್ದರೆ ಅದೇ ಶ್ರೇಷ್ಠ.

ತ್ಯಾಜ್ಯ ನೀರನ್ನು ಎಲ್ಲಿ ಸುರಿಯಬೇಕು?

ಬೇಸಾಯ ವಿಜ್ಞಾನಿಯಾಗಿ ನನಗೆ ಹೆಚ್ಚು ಕಳವಳ ತರುವ ಅಂಶ ಇದು. ಹಿತ್ತಲಿನ ತೆಂಗಿನ ಬುಡಕ್ಕೋ ನುಗ್ಗೆಯ ಪಾತಿಗೋ ಈ ನೀರನ್ನು ಸುರಿಯುವುದು ಎಲ್ಲರ ಅಭ್ಯಾಸ. ನೀರಿನಂಶವಿಲ್ಲದ ಸೋಡಾ ಪುಡಿಯಲ್ಲಿ ತೂಕದ ಶೇ. 43ರಷ್ಟು ಸೋಡಿಯಂ ಇರುತ್ತದೆ. ಮೇಲೆ ಹೇಳಿದ 625 ಗ್ರಾಂ ಸೋಡಾ ಎಂದರೆ ಕಾಲು ಕಿಲೋಗೂ ಹೆಚ್ಚು ಸೋಡಿಯಂ ಒಂದೇ ಪಾತಿಗೆ ಬಿದ್ದಂತೆ. ಸೋಡಿಯಂ ಹೆಚ್ಚಾದ ಮಣ್ಣಿನಲ್ಲಿ ಜೇಡಿಯ ಕಣಗಳು ಚದುರಿ, ಮಣ್ಣಿನ ರಚನೆ ಹಾಳಾಗಿ, ಮೇಲ್ಪದರ ಹೆಪ್ಪುಗಟ್ಟುತ್ತದೆ, ನೀರು ಇಂಗುವುದಿಲ್ಲ, ರಸಸಾರ ಏರಿ ಸತು ಮತ್ತು ಕಬ್ಬಿಣದ ಕೊರತೆ ಕಾಣಿಸಿಕೊಳ್ಳುತ್ತದೆ. ಗಡಸು ಕೊಳವೆಬಾವಿ ನೀರು ಕುಡಿಯುತ್ತಿರುವ ತೋಟದಲ್ಲಿ ಇದು ಗಾಯದ ಮೇಲೆ ಬರೆ. ವರ್ಷಕ್ಕೊಮ್ಮೆ ಮಾಡುವ ಕೆಲಸವಾದರೆ ಬೆಳೆಯಿಲ್ಲದ ಜಾಗದಲ್ಲಿ, ಬಾವಿ ಮತ್ತು ಕೊಳವೆಬಾವಿಯಿಂದ ದೂರವಾಗಿ, ಹತ್ತು ಪಟ್ಟು ನೀರು ಬೆರೆಸಿ ಹರಡಿ ಚೆಲ್ಲಬೇಕು. ಸಂಘದವರು ನೂರಾರು ಬಾಟಲಿ ತೊಳೆಯುವುದಾದರೆ ಪ್ರತ್ಯೇಕ ಇಂಗುಗುಂಡಿ ಮಾಡಿಕೊಳ್ಳಬೇಕು. ಬೂದಿ ನೀರಿನಲ್ಲಿರುವುದು ಪೊಟ್ಯಾಸಿಯಂ; ಹುಳಿ ಗುಣದ ಕೆಂಪು ಮಣ್ಣಿಗೆ ಅದನ್ನು ತೆಳುವಾಗಿಸಿ ಹಾಕಿದರೆ ಹಾನಿಯಿಲ್ಲ.

ತಿಪ್ಪೆಗೆ ಹಾಕಬಹುದಾದದ್ದು ಸಾಮಾನ್ಯ ಕಾಗದದ ಲೇಬಲ್ ಮಾತ್ರ. ಹೊಳೆಯುವ ಲೋಹಲೇಪಿತ ಕಾಗದ, ಪ್ಲಾಸ್ಟಿಕ್ ಮತ್ತು ಅಬಕಾರಿ ಇಲಾಖೆಯ ಹೊಳೆಯುವ ಚೀಟಿ ಒಣಕಸಕ್ಕೆ ಹೋಗಬೇಕು.

ಒಣಗಿಸುವಿಕೆ ಮತ್ತು ತುಂಬುವಿಕೆ

ತೊಳೆದ ಬಾಟಲಿಯನ್ನು ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿಟ್ಟು, ನಿಧಾನವಾಗಿ ಕುದಿಸಿ, ಹದಿನೈದು ಇಪ್ಪತ್ತು ನಿಮಿಷ ಕುದಿಯಲು ಬಿಟ್ಟು, ಬಳಿಕ ಬೋರಲು ಹಾಕಿ ಒಣಗಿಸಬೇಕು. ಎಣ್ಣೆಗೆ ಒಳಗೆ ಒಂದು ಹನಿ ನೀರೂ ಇರಬಾರದು. ಎರಡು ದಿನ ಬಿಸಿಲಿನಲ್ಲಿ ಬೋರಲಿಟ್ಟ ಬಾಟಲಿಯನ್ನು ತಣ್ಣಗಿನ ಬೆಳಿಗ್ಗೆ ನೋಡಿದರೆ ಒಳಗೋಡೆಯಲ್ಲಿ ಮಂಜು ಕಟ್ಟಿರಬಾರದು.

650 ಮಿಲಿಲೀಟರ್ ಬಾಟಲಿಯಲ್ಲಿ ಕಡಲೆಕಾಯಿ ಎಣ್ಣೆ ತೂಕದಲ್ಲಿ ಸುಮಾರು 590 ಗ್ರಾಂ ಹಿಡಿಯುತ್ತದೆ. ಮಾರುವವರು ಕಿಲೋ ಮತ್ತು ಲೀಟರ್ ಒಂದೇ ಎಂದು ಭಾವಿಸಿ ಲೆಕ್ಕ ತಪ್ಪುವುದನ್ನು ಕಂಡಿದ್ದೇನೆ. ಹುಣಸೆ ಪಾನಕವನ್ನು ಬಿಸಿಯಾಗಿ ತುಂಬುವಾಗ ಬಾಟಲಿಯೂ ಬಿಸಿಯಾಗಿಯೇ ಇರಬೇಕು. ಜೇನುತುಪ್ಪಕ್ಕೆ ಈ ಬಾಟಲಿ ಸೂಕ್ತವಲ್ಲ. ಹರಳುಗಟ್ಟಿದರೆ ಕಿರಿದಾದ ಕಂಠದಿಂದ ಹೊರಬಾರದು. ಜೀವಾಮೃತ, ಪಂಚಗವ್ಯದಂತಹ ಹುದುಗುವ ದ್ರವಗಳನ್ನು ತುಂಬಿ ಬಿಗಿಯಾಗಿ ಮುಚ್ಚಲೇಬಾರದು. ಬಿಯರ್ ಬಾಟಲಿ ಒತ್ತಡ ತಾಳುತ್ತದೆ ನಿಜ, ಆದರೆ ಗೀರು ಬಿದ್ದ ಹಳೆಯ ಬಾಟಲಿ ಎಷ್ಟು ತಾಳುತ್ತದೆಂದು ಯಾರೂ ಹೇಳಲಾರರು. ಒಡೆದರೆ ಗಾಜು ಮುಖಕ್ಕೆ ಹಾರುತ್ತದೆ.

ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಬೀಜಗಳ ಸಂಗ್ರಹಕ್ಕೆ 330 ಮಿಲಿಲೀಟರ್ ಬಾಟಲಿ ಚೆನ್ನಾಗಿ ಒದಗುತ್ತದೆ. ಗಾಳಿಯಾಡದಂತೆ ಮುಚ್ಚುವುದಾದರೆ ಈ ಬೀಜಗಳ ತೇವಾಂಶ ಶೇ. 6ಕ್ಕಿಂತ ಹೆಚ್ಚಿರಬಾರದು. ಸಾಮಾನ್ಯ ಚೀಲಕ್ಕೆ ಒಪ್ಪುವ ಶೇ. 8ರ ತೇವಾಂಶ ಮುಚ್ಚಿದ ಬಾಟಲಿಯಲ್ಲಿ ಮೊಳಕೆಯ ಶಕ್ತಿಯನ್ನು ಕುಂದಿಸುತ್ತದೆ. ಹಳೆಯ ಲೋಹದ ಮುಚ್ಚಳ ಒಮ್ಮೆ ತೆಗೆದ ಮೇಲೆ ಮತ್ತೆ ಬಿಗಿಯಾಗದು. ಹೊಸ ಮುಚ್ಚಳ ಮತ್ತು ಕೈಯಿಂದ ಒತ್ತುವ ಸಾಧನ, ಇಲ್ಲವೇ ಕುದಿಸಿ ಒಣಗಿಸಿದ ಹೊಸ ಬಿರಡೆ ಬಳಸಬೇಕು.

ಮಾರಾಟದ ಉದ್ದೇಶವಿದ್ದರೆ ಕಾನೂನಿನ ಎರಡು ಅಂಶಗಳು ತಿಳಿದಿರಲಿ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ಆಹಾರಕ್ಕೆ ಮರುಬಳಸುವ ಗಾಜಿನ ಬಾಟಲಿ ಬಾಳಿಕೆಯುಳ್ಳದ್ದೂ ಸುಲಭವಾಗಿ ಸ್ವಚ್ಛಗೊಳಿಸುವಂಥದ್ದೂ ಆಗಿರಬೇಕೆನ್ನುತ್ತವೆ. ಒಮ್ಮೆ ಬಳಸಿದ ತಗಡಿನ ಡಬ್ಬವನ್ನು ಮತ್ತೆ ಬಳಸುವಂತಿಲ್ಲ. ಸಣ್ಣ ಪ್ರಮಾಣದ ತಯಾರಕರೂ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ವಿವರಗಳಿಗೆ ಕೊನೆಹಳ್ಳಿ ಅಥವಾ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ಹೊಸ ಲೇಬಲ್

ಬಾಟಲಿ ತೊಳೆಯುವವರು ಬಹುತೇಕ ಹೆಣ್ಣುಮಕ್ಕಳೇ. ಮದ್ಯದ ಹೆಸರಿರುವ ಚೀಟಿ ಕಣ್ಣಿಗೆ ಬೀಳಬಾರದೆಂದು ಅವರು ಹಿತ್ತಲ ಮೂಲೆಯಲ್ಲಿ ಕುಳಿತು ಕೊನೆಯ ಚೂರನ್ನೂ ಉಜ್ಜಿ ತೆಗೆಯುತ್ತಾರೆ. ಆ ಶ್ರಮದ ನಂತರ ಮತ್ತೊಂದು ಚೀಟಿ ಅಂಟಿಸುವ ಮಾತು ಅವರಿಗೆ ರುಚಿಸುವುದಿಲ್ಲ. ಆದರೂ ಒತ್ತಾಯಿಸಿ ಹೇಳಬೇಕಾದ ಮಾತು ಇದೇ: ತುಂಬಿದ ದಿನವೇ ಚೀಟಿ ಅಂಟಿಸಬೇಕು. ಪದಾರ್ಥದ ಹೆಸರು, ತುಂಬಿದ ತಿಂಗಳು ಮತ್ತು ವರ್ಷ, ಹೊರಮೈ ಬಳಕೆಯದಾದರೆ ‘ತಿನ್ನಬಾರದು’ ಎಂಬ ಪದ, ಇಷ್ಟು ಸಾಕು. ಓದಲು ಬಾರದವರಿರುವ ಮನೆಯಲ್ಲಿ ಅಡುಗೆಯ ಬಾಟಲಿಗೆ ಒಂದು ಕಡಲೆಕಾಯಿಯ ಚಿತ್ರ ಬರೆದರೂ ಆಯಿತು. ಬೇವಿನ, ಹೊಂಗೆಯ ಎಣ್ಣೆಯ ಬಾಟಲಿಗಳಿಗೆ ಕೆಂಪು ಪಟ್ಟಿ ಸುತ್ತಿ, ಅಡುಗೆಮನೆಯಿಂದ ಹೊರಗೆ, ಮಕ್ಕಳಿಗೆ ಎಟುಕದಂತೆ ಬೀಗದೊಳಗೆ ಇಡಬೇಕು.

ಕೀಟನಾಶಕವನ್ನು ಮಾತ್ರ ಯಾವ ಚೀಟಿ ಅಂಟಿಸಿಯೂ ಬಿಯರ್ ಬಾಟಲಿಗೆ ತುಂಬಬಾರದು. ಅದರ ಮೂಲ ಲೇಬಲ್‌ನ ಮೇಲೆ ವಿಷದ ತೀವ್ರತೆ ಸೂಚಿಸುವ ಕೆಂಪು, ಹಳದಿ, ನೀಲಿ ಅಥವಾ ಹಸಿರು ತ್ರಿಕೋನ, ರಾಸಾಯನಿಕದ ಹೆಸರು, ಪ್ರಥಮ ಚಿಕಿತ್ಸೆ ಮತ್ತು ಪ್ರತಿವಿಷದ ವಿವರ ಮುದ್ರಿತವಾಗಿರುತ್ತದೆ. ಯಾರಾದರೂ ತಪ್ಪಿ ಕುಡಿದಾಗ ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದು ಏನು ಕುಡಿದರೆಂದು. ಆರ್ಗನೊಫಾಸ್ಫೇಟ್ ಗುಂಪಿನ ವಿಷಕ್ಕೆ ಅಟ್ರೋಪಿನ್ ಕೊಡುತ್ತಾರೆ. ಬೇರೆ ಗುಂಪಿಗೆ ಚಿಕಿತ್ಸೆಯೇ ಬೇರೆ. ಕಂದು ಬಾಟಲಿಯನ್ನು ಕೈಯಲ್ಲಿ ಹಿಡಿದು ಓಡಿಬಂದವರಿಂದ ಆ ಪ್ರಶ್ನೆಗೆ ಉತ್ತರ ದೊರೆಯದು. ಅಂತಹ ಸಂದರ್ಭದಲ್ಲಿ ವಾಂತಿ ಮಾಡಿಸಲು ಯತ್ನಿಸದೆ, ಉಪ್ಪುನೀರು ಕುಡಿಸದೆ, ಕೂಡಲೇ 108ಕ್ಕೆ ಕರೆಮಾಡಿ, ಮೂಲ ಡಬ್ಬವನ್ನು ಅಥವಾ ಅದರ ಲೇಬಲ್‌ನ ಛಾಯಾಚಿತ್ರವನ್ನು ಜೊತೆಗೆ ಒಯ್ಯಬೇಕು. ನೆರೆಯವರಿಂದ ಔಷಧಿ ಕಡ ತರುವುದು ಅನಿವಾರ್ಯವಾದರೆ ಡಬ್ಬವನ್ನೇ ತಂದು, ಅಳೆದು ಬಳಸಿ, ಹಿಂದಿರುಗಿಸಿರಿ.

ಮನೆಯ ಚೀಟಿ ಅಂಟಿಸಲು ಫೆವಿಕಾಲ್ ಬೇಡ. ಹಾಲನ್ನು ಕುಂಚದಿಂದ ಕಾಗದದ ಹಿಂಬದಿಗೆ ತೆಳುವಾಗಿ ಬಳಿದು ಗಾಜಿಗೆ ಒತ್ತಿ ಹಿಡಿದರೆ ಗಟ್ಟಿಯಾಗಿ ಕೂರುತ್ತದೆ. ಕೆನೆ ತೆಗೆದ ಹಾಲು ಉತ್ತಮ. ಇಲ್ಲಿ ಅಂಟಾಗಿ ಕೆಲಸ ಮಾಡುವುದೂ ಅದೇ ಕೇಸೀನ್, ಆದರೆ ಕಾರ್ಖಾನೆಯ ಸಂಸ್ಕರಣೆ ಇದಕ್ಕಿಲ್ಲವಾದ್ದರಿಂದ ನೀರಿನಲ್ಲಿ ನೆನೆಸಿದರೆ ಬಿಟ್ಟುಬರುತ್ತದೆ. ಎಣ್ಣೆ ಸೋರಿ ಬರಹ ಅಳಿಸುವುದನ್ನು ತಪ್ಪಿಸಲು ಪೆನ್ಸಿಲ್‌ನಿಂದ ಬರೆಯುವುದು ಒಳ್ಳೆಯದು. ಚೀಟಿಯನ್ನು ಕಂಠದ ಹತ್ತಿರ ಅಂಟಿಸದೆ, ಹನಿ ಇಳಿಯದಂತೆ ಬಾಟಲಿಯ ಕೆಳಭಾಗದಲ್ಲಿ ಅಂಟಿಸಿರಿ.